ಒಂದು ಎಕರೆಯ ನಿಜವಾದ ಬೆಲೆ ಎಷ್ಟು?

ಎಂಜಿನಿಯರಿಂಗ್ ಓದ್ತಿರೋರಿಗೆ ಇವತ್ತು ಎಕನಾಮಿಕ್ಸ್‌ನ ಒಂದೇ ಪದ: ಆಪರ್ಚುನಿಟಿ ಕಾಸ್ಟ್. ಅಂದ್ರೆ, ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗೋ ಇನ್ನೊಂದು ಒಳ್ಳೇ ಅವಕಾಶದ ಬೆಲೆ.

ನಮ್ಮ ದೇವನಹಳ್ಳಿಯನ್ನೇ ನೋಡಿ. ಏರೋಸ್ಪೇಸ್ ಪಾರ್ಕ್‌ಗೆ ಅಂತ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಿತ್ತು. ರೈತರು ಮೂರು ವರ್ಷಕ್ಕೂ ಹೆಚ್ಚು ಹೋರಾಡಿದ್ರು. ಪರಿಹಾರ ಸಿಗುತ್ತಲ್ಲ, ಮತ್ಯಾಕೆ? ಪರಿಹಾರ ಒಂದು ಸಲ ಬರೋ ದುಡ್ಡು. ದ್ರಾಕ್ಷಿ, ರಾಗಿ, ತರಕಾರಿ ವರ್ಷವರ್ಷದ ಆದಾಯ, ಜೊತೆಗೆ ಮನೆಮಂದಿಗೆಲ್ಲ ಕೆಲಸ. ಪರಿಹಾರದ ಬಡ್ಡಿ ಇದಕ್ಕೆ ಸಮ ಆಗುತ್ತಾ? ಒಬ್ಬೊಬ್ಬರ ಲೆಕ್ಕ ಒಂದೊಂದು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟು, ಒಪ್ಪಿ ಕೊಡೋರಿಂದ ಮಾತ್ರ ಭೂಮಿ ತಗೊಳ್ತೀವಿ ಅಂತು.

ನಾಳೆ ಪ್ರಾಜೆಕ್ಟ್ ಕಾಸ್ಟ್ ಲೆಕ್ಕ ಹಾಕೋರು ನೀವೇ. ಸಿಮೆಂಟು, ಕಬ್ಬಿಣದ ಜೊತೆ ಆ ನೆಲದಲ್ಲಿ ನಿಂತುಹೋಗೋ ಬೆಳೆಯನ್ನೂ ಬರ್ಕೊಳ್ಳಿ.