ಆಸ್ಪತ್ರೆಯ ಅಂಗಳದ ದಾಸೋಹ



ಬರುವ ತಿಥಿಯನ್ನು ಮೊದಲು ತಿಳಿಸದೆ ಬಂದವನೇ ಅತಿಥಿ ಎಂದು ಹಿರಿಯರು ಅರ್ಥ ಹೇಳಿದ್ದಾರೆ. ರೋಗವೂ ತಿಥಿ ನೋಡಿ ಬರುವುದಿಲ್ಲ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಜನ ರಾತ್ರೋರಾತ್ರಿ ಬರುತ್ತಾರೆ. ಒಳಗೆ ಮಲಗಿದ ಮಗುವಿಗೆ ವೈದ್ಯರಿದ್ದಾರೆ. ಹೊರಗೆ ಕುಳಿತ ತಾಯಿಗೆ ಯಾರಿದ್ದಾರೆ? ಕೈಯಲ್ಲಿದ್ದ ಹಣ ಔಷಧಿಗೆ ಬೇಕೆಂದು ಆಕೆ ಬರಿಯ ಚಹಾ ಕುಡಿದು ದಿನ ಕಳೆಯುತ್ತಾಳೆ. ಇಂಥವಳೇ ಇಂದಿನ ನಿಜವಾದ ಅತಿಥಿ.

ನಮ್ಮ ಪ್ರಸಾದನಿಲಯದ ವಿದ್ಯಾರ್ಥಿಗಳು ರವಿವಾರ ಇಂಥವರಿಗಾಗಿ ರೊಟ್ಟಿ, ಬೇಳೆ, ಮೆತ್ತಗಿನ ಅನ್ನ ಮಾಡಿ ಒಯ್ಯುತ್ತಿದ್ದಾರೆ. ಇದನ್ನು ಕಂಡು ಕೆಲವರು, “ಅಜ್ಜಾರ, ಹುಡುಗರನ್ನು ಓದಲಿಕ್ಕೆ ಕಳಿಸೇವಿ, ಹಿಟ್ಟು ನಾದಲಿಕ್ಕಲ್ಲ” ಎಂದರು. ಮತ್ತೆ ಕೆಲವರು, ಉಣ್ಣುವವರು ಯಾವ ಕುಲದವರೋ ಎಂದರು.

ಮೊದಲನೆಯವರಿಗೆ ನಮ್ಮ ಉತ್ತರವಿಷ್ಟೇ. ನಿಮ್ಮ ಮಗ ನಿಲಯದಲ್ಲಿ ಉಣ್ಣುವ ಜೋಳ ಯಾರೋ ರೈತ ಕಣದಿಂದ ಅಳೆದು ಕೊಟ್ಟದ್ದು. ಉಂಡವನು ಉಣಿಸಲು ಕಲಿಯದಿದ್ದರೆ ಆ ವಿದ್ಯೆ ಅರ್ಧವೇ. ಎರಡನೆಯವರು ದಾಸೋಹವೆಂಬ ಶಬ್ದವನ್ನೇ ಬಿಡಿಸಿ ನೋಡಲಿ: ದಾಸಃ ಅಹಂ, ನಾನು ದಾಸನು. ಉಣ್ಣುವವನ ಕುಲ ಕೇಳುವ ಅಧಿಕಾರ ದಾಸನಿಗೆ ಎಲ್ಲಿಯದು? ತುಮಕೂರು ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು.

ಈ ಭಾವ ಒಂದು ನಾಡಿನ ಸೊತ್ತಲ್ಲ. ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ 1974ರಲ್ಲಿ, ರೋಗಪೀಡಿತ ಮಕ್ಕಳ ತಂದೆತಾಯಿಗಳು ತಂಗಲೆಂದು ಡಾ. ಆಡ್ರಿ ಇವಾನ್ಸ್ ಎಂಬ ವೈದ್ಯೆಯೂ ಇತರರೂ ಕೂಡಿ ಒಂದು ಮನೆ ತೆರೆದರು. ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಎಂಬ ಅಂಥ ಮನೆಗಳು ಈಗ ಅನೇಕ ದೇಶಗಳಲ್ಲಿವೆ. ಅಲ್ಲಿ ವಿದ್ಯಾರ್ಥಿಗಳು ಗುಂಪಾಗಿ ಬಂದು ಅಡಿಗೆ ಮಾಡಿ ಬಡಿಸುವುದುಂಟು. ಅವರು ದಾಸೋಹವೆಂಬ ಹೆಸರನ್ನು ಕೇಳಿರಲಾರರು. ಕೆಲಸ ಮಾತ್ರ ಅದೇ.

ವಿದ್ಯಾರ್ಥಿಗಳಿಗೆ ಎರಡು ಮಾತು. ಪಥಕ್ಕೆ ಹಿತವಾದದ್ದು ಪಥ್ಯ. ಮೂತ್ರಪಿಂಡದ ರೋಗಿಗೆ ಉಪ್ಪು ಹಿತವಲ್ಲ. ಕ್ಯಾನ್ಸರ್ ಔಷಧಿಯಿಂದ ಶಕ್ತಿ ಕುಂದಿದವರಿಗೆ ಹಸಿ ಪದಾರ್ಥ ಅಪಾಯ. ಆದ್ದರಿಂದ ವೈದ್ಯರನ್ನು ಕೇಳದೆ ರೋಗಿಗೆ ಏನನ್ನೂ ಕೊಡಬೇಡಿ. ನಿಮ್ಮ ಅಡಿಗೆ ಜೊತೆಗಿದ್ದವರಿಗೆ. ಕೈ ತೊಳೆದು, ನೀರು ಕಾಯಿಸಿ, ಮಾಡಿದ ಅಡಿಗೆಯನ್ನು ಎರಡು ಗಂಟೆಯೊಳಗೆ ಬಡಿಸಿರಿ. ಜ್ವರ, ಕೆಮ್ಮು ಇದ್ದವನು ಆ ದಿನ ನಿಲಯದಲ್ಲೇ ಉಳಿಯಲಿ.

ಇನ್ನೊಂದು ಪಥ್ಯ ನಾಲಗೆಯದು. ಏನು ರೋಗ, ಬದುಕುವರೋ ಇಲ್ಲವೋ ಎಂದು ಕೇಳಬೇಡಿ. ಬಡಿಸುವಾಗ ಫೋಟೋ ತೆಗೆಯಬೇಡಿ. “ಇನ್ನೊಂದು ರೊಟ್ಟಿ ಹಾಕಲೇನವ್ವಾ?” ಎನ್ನಿರಿ, ಸಾಕು. ಎರಡು ದಿನದಿಂದ ಯಾರೂ ಆಕೆಯನ್ನು ಹಾಗೆ ಕೇಳಿರಲಿಕ್ಕಿಲ್ಲ.

ಭಕ್ತರೇ, ಸುಗ್ಗಿಯಲ್ಲಿ ಮಠಕ್ಕೆ ಕೊಡುವ ಜೋಳದೊಡನೆ ಇನ್ನು ಮೇಲೆ ಆಸ್ಪತ್ರೆಯ ಪಾಲೆಂದು ಒಂದು ಸೇರು ಹೆಚ್ಚು ಅಳೆಯಿರಿ. ನಿಮ್ಮ ಮಕ್ಕಳ ಕೈ ತಡೆಯಬೇಡಿ. ಅವರ ಕೈಯ ರೊಟ್ಟಿ ದುಂಡಗಾಗದಿದ್ದರೂ ಹಸಿವು ತಣಿಸಲಿ ಎಂದು ಹರಸಿ ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ.