ದೊಡ್ಡಮ್ಮನ ಹೆಬ್ಬೆಟ್ಟು

ಗೆಳತಿಯರೇ,

ಸಭೆ ಶುರುವಾಗುವ ಮೊದಲು ನಿಮ್ಮ ಸಂಘದ ಪುಸ್ತಕಕ್ಕೆ ಕೆಲವರು ಹೆಬ್ಬೆಟ್ಟು ಒತ್ತುತ್ತಿದ್ದರು. ಅದನ್ನು ನೋಡಿ ನನಗೆ ನಮ್ಮ ದೊಡ್ಡಮ್ಮ ನೆನಪಾದಳು. ವರದಕ್ಷಿಣೆಯ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಅವಳ ಬಗ್ಗೆ ಹೇಳುತ್ತೇನೆ, ವರದಕ್ಷಿಣೆ ಅದರೊಳಗೇ ಬರುತ್ತದೆ.

ಅವಳು ನಮ್ಮ ತಾಯಿಯ ಅಕ್ಕ. ಮಂಡ್ಯದ ಹತ್ತಿರ, ನಾಲೆ ಬಯಲಿನ ಊರು. 1944ರಲ್ಲಿ ಮದುವೆಯಾದಾಗ ಅವಳಿಗೆ ಸುಮಾರು 14 ವರ್ಷ. ಆಗ ನಮ್ಮ ಕಡೆ ಗಂಡಿನವರು ಹೆಣ್ಣಿಗೆ ತೆರ ಕೊಡುತ್ತಿದ್ದರು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. 'ತೆರ ಕೊಟ್ಟು ತಂದಿದ್ದೀನಿ' ಎಂದೇ ದೊಡ್ಡಪ್ಪ ಬಾರುಕೋಲು ಎತ್ತುತ್ತಿದ್ದರು. ಮಾರನೆ ದಿನ ಬಾವಿ ಹತ್ತಿರ ಯಾರಾದರೂ ಕೇಳಿದರೆ, ಎಮ್ಮೆ ಕೊಂಬು ತಾಗಿತು ಎನ್ನುತ್ತಿದ್ದಳು. ಆ ಎಮ್ಮೆಗೆ ಕೊಂಬೇ ಇಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಕೋಳಿ ಕೂಗುವ ಮೊದಲೇ ರಾಗಿ ಬೀಸುವುದು, ಕೊಟ್ಟಿಗೆ ಬಾಚುವುದು, ಹಾಲು ಕರೆಯುವುದು. ಹಿಟ್ಟು, ಉಪ್ಸಾರು ಹೊತ್ತುಕೊಂಡು ಗದ್ದೆಗೆ ಹೋದರೆ ನಾಟಿ, ಕಳೆ, ಕಬ್ಬಿನ ರವದಿ. ಸಂಜೆ ಬರುವಾಗ ತಲೆ ಮೇಲೆ ಹುಲ್ಲಿನ ಹೊರೆ. ಏಳು ಹೆತ್ತಳು, ನಾಲ್ಕು ಉಳಿದವು. ಕಬ್ಬಿನ ದುಡ್ಡು ದೊಡ್ಡಪ್ಪನ ಕೈಗೆ ಬರುತ್ತಿತ್ತು. ಎಮ್ಮೆಯ ಕೆಲಸವೆಲ್ಲ ಅವಳದು, ಡೈರಿಯ ಪುಸ್ತಕ ಮಾತ್ರ ದೊಡ್ಡಪ್ಪನ ಹೆಸರಿನಲ್ಲಿ. ಜನಗಣತಿಗೆ ಬಂದವರಿಗೆ ದೊಡ್ಡಪ್ಪ ಹೇಳಿದ್ದು 'ಮನೇಲಿರ್ತಾಳೆ' ಎಂದು. ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಪಕ್ಕದಲ್ಲೇ ಕೂತಿದ್ದೆ. ನನಗೂ ಅದು ತಪ್ಪೆನಿಸಲಿಲ್ಲ.

ನಾಲೆ ನೀರು ಬಂದು ಕಬ್ಬು ಬೆಳೆದು ಕೈಯಲ್ಲಿ ಕಾಸಾಡಿದ ಮೇಲೆ ತೆರ ಹೋಯಿತು, ವರದಕ್ಷಿಣೆ ಬಂತು. 1954ರಲ್ಲಿ ಮಂಡ್ಯದ ಕಡೆಯ ಹಳ್ಳಿಗಳನ್ನು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದಾಗ ಈ ಬದಲಾವಣೆಯನ್ನು ಕಂಡು ಬರೆದಿದ್ದಾರೆ. ವರದಕ್ಷಿಣೆ ನಿಷೇಧದ ಕಾಯ್ದೆ 1961ರಲ್ಲೇ ಆಗಿತ್ತು. ಆದರೂ 1984ರಲ್ಲಿ ದೊಡ್ಡಮ್ಮನ ಕಿರಿ ಮಗಳ ಮದುವೆಗೆ, ಇದ್ದ ಮೂರು ಎಕರೆಯಲ್ಲಿ ಒಂದು ಎಕರೆ ಮಾರಿದರು. ನಲವತ್ತು ವರ್ಷ ನಾಟಿ ಮಾಡಿದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪಹಣಿಯಲ್ಲಿ ಅವಳ ಹೆಸರಿಲ್ಲ, ಹೆಬ್ಬೆಟ್ಟೂ ಬೇಕಾಗಲಿಲ್ಲ.

ಎರಡು ವರ್ಷಕ್ಕೆ ಮಗಳು ವಾಪಸು ಬಂದಳು. ಸ್ಕೂಟರು ಕೇಳಿದ್ದರಂತೆ. ಬೆನ್ನ ಮೇಲೆ ಸುಟ್ಟ ಗಾಯ. ದೊಡ್ಡಪ್ಪ, ಅಣ್ಣಂದಿರು, ಊರಿನ ಹಿರಿಯರು ಎಲ್ಲರೂ ಕಳಿಸಿಬಿಡಿ ಎಂದರು. ಓದಿದವಳೆಂದು ನನ್ನನ್ನೂ ಕೇಳಿದರು. ಗೆಳತಿಯರೇ, ಇದನ್ನು ಹೇಳಲು ನನಗೆ ಈಗಲೂ ಕಷ್ಟ. 'ಹೊಂದಿಕೊಂಡು ಹೋಗಲಿ, ಒಂದು ಮಗುವಾದರೆ ಸರಿಹೋಗುತ್ತದೆ' ಎಂದೆ. ಹೆಂಡತಿಯನ್ನು ಹಿಂಸಿಸುವವರಿಗೆ ಶಿಕ್ಷೆ ವಿಧಿಸುವ 498ಎ ಕಲಮು 1983ರಲ್ಲೇ ಬಂದಿತ್ತು. ಎಂ.ಎ. ಓದಿದ ನನಗೆ ಅದು ತಲೆಗೇ ಬರಲಿಲ್ಲ.

ದೊಡ್ಡಮ್ಮ ಒಲೆ ಮುಂದೆ ಕೂತೇ ಹೇಳಿದಳು: 'ಕಣದಲ್ಲಿ ಚೆಲ್ಲಿದ ರಾಗೀನೂ ಗುಡಿಸಿ ತರ್ತೀನಿ. ಇವಳನ್ನ ಬಿಟ್ಟುಬಿಡ್ಲಾ?' ಅಷ್ಟೆ. ಮಗಳು ಹೋಗಲಿಲ್ಲ. ಅವತ್ತು ರಾತ್ರಿ ದೊಡ್ಡಮ್ಮನಿಗೆ ಏಟು ಬಿತ್ತು ಎಂದು ಆಮೇಲೆ ತಿಳಿಯಿತು.

1997ರಲ್ಲಿ ದೊಡ್ಡಪ್ಪ ತೀರಿಕೊಂಡರು. ತಿಥಿಯ ಊಟ ಮುಗಿದ ವಾರದಲ್ಲೇ ಗಂಡುಮಕ್ಕಳು ಕಾಗದ, ಮಸಿ ಪ್ಯಾಡು ತಂದರು. ಅವ್ವ, ತಂಗಿಯರು ಹಕ್ಕು ಬಿಟ್ಟೆವೆಂದು ಒತ್ತಿದರೆ ಪೌತಿ ಖಾತೆ ಇಬ್ಬರ ಹೆಸರಿಗೆ. ದೊಡ್ಡಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ನನ್ನ ಕಡೆ ತಿರುಗಿದಳು: 'ಇದರಲ್ಲಿ ಏನು ಬರೆದಿದ್ದಾರೆ, ಓದು.' ಈ ಸಲ ಓದಿದೆ. ಉಳಿದ ಎರಡು ಎಕರೆ ದೊಡ್ಡಪ್ಪ ಸ್ವಂತ ದುಡ್ಡಿನಲ್ಲಿ ಕೊಂಡದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಇಲ್ಲದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಐದು ಜನ, ತಲೆಗೆ 16 ಗುಂಟೆ. ಅವಳು ಒತ್ತಲಿಲ್ಲ. ಗಂಡುಮಕ್ಕಳು ಎರಡು ವರ್ಷ ಮಾತು ಬಿಟ್ಟರು. ಹಿರಿಯ ಮಗಳು ಮಾತ್ರ ತವರು ತಪ್ಪಿಹೋದೀತೆಂದು ಹೆದರಿ ಬಿಟ್ಟುಕೊಟ್ಟಳು. ಅವಳನ್ನು ನಾನು ದೂರುವುದಿಲ್ಲ.

ಪಿತ್ರಾರ್ಜಿತದ ಲೆಕ್ಕ ಬೇರೆ. ಅದರಲ್ಲೂ 2005ರ ತಿದ್ದುಪಡಿಯಿಂದ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ, ಹೊಡೆಸಿಕೊಂಡವಳು ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ಅದೇ ಮನೆಯಲ್ಲಿ ಉಳಿಯುವ ಹಕ್ಕನ್ನೂ ಕೇಳಬಹುದು. ಓದಿ ಹೇಳುವವರಿಲ್ಲದೆ ಯಾವ ಕಾಗದಕ್ಕೂ ಒತ್ತಬೇಡಿ. ಸಂಘದ ಸಾಲದ ಕಾಗದಕ್ಕೂ ಅಷ್ಟೇ.

ದೊಡ್ಡಮ್ಮ 2016ರಲ್ಲಿ ಹೋದಳು. ತನ್ನ 16 ಗುಂಟೆಯನ್ನು ಕಿರಿ ಮಗಳಿಗೆ ಉಯಿಲು ಬರೆಸಿದ್ದಳು. ಆ ಮಗಳಿಗೆ ಈಗ ಅರವತ್ತು ದಾಟಿದೆ. ತನ್ನದೂ ಸೇರಿ 32 ಗುಂಟೆಯಲ್ಲಿ ಭತ್ತ ಹಾಕುತ್ತಾಳೆ, ಎರಡು ಎಮ್ಮೆ ಕಟ್ಟಿದ್ದಾಳೆ. ಡೈರಿಯ ಪುಸ್ತಕ ಅವಳ ಹೆಸರಿನಲ್ಲಿದೆ.