ಯೂನಿಯನ್ ಲೀಡರ್ ಯಾರ ಕಡೆ?

(ಸೋಸಲೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಸೋಸಲೆ ಅಂದರೆ ಹೊರಗಿನವರಿಗೆ ವ್ಯಾಸರಾಜ ಮಠ. ನಮಗೆ, ಬೆಳಗಿನ ಬಸ್ಸಿಗೆ ಬುತ್ತಿ ಹಿಡಿದು ನಿಂತ ಕೂಲಿಯವರು. ನಿಮ್ಮಲ್ಲೂ ಎಷ್ಟೋ ಜನ ನಾಳೆ ನಂಜನಗೂಡಿನ ಫ್ಯಾಕ್ಟರಿ ಗೇಟಿಗೆ ಹೋಗೋರೆ. ಅಲ್ಲೊಬ್ಬ ಲೀಡರ್ ಸಿಗ್ತಾನೆ. ಗಟ್ಟಿ ಗಂಟಲಿನವನು. ಅವನು ಯಾರ ಕಡೆ ಅಂತ ತಿಳಿಯೋದು ಹೇಗೆ?

ಬಾಬಾಸಾಹೇಬರು ಹೇಗೆ ಕೇಳಿದರು ನೋಡಿ. ಮುಂಬೈ ಗಿರಣಿಗಳಲ್ಲಿ ನೇಯ್ಗೆ ಖಾತೆಯಲ್ಲೇ ಕೂಲಿ ಹೆಚ್ಚು. ಅದರೊಳಕ್ಕೆ ನಮ್ಮವರಿಗೆ ಪ್ರವೇಶ ಇಲ್ಲ. ಯಾಕೆ? ನೂಲಿನ ಎಳೆಯನ್ನ ಬಾಯಿಗೆ ತಗೋಬೇಕು, ಮೈಲಿಗೆ ಆಗುತ್ತೆ ಅಂತ. ತಡೆದು ನಿಂತವನು ಮಾಲೀಕ ಅಲ್ಲ ಕಣ್ರಪ್ಪಾ, ಪಕ್ಕದ ಸವರ್ಣ ಕೂಲಿಕಾರ! 1928ರ ದೊಡ್ಡ ಮುಷ್ಕರದಲ್ಲಿ, ಈ ಅನ್ಯಾಯವನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ ಅಂತ ಬಾಬಾಸಾಹೇಬರು ಪಟ್ಟು ಹಿಡಿದರು. ಕಮ್ಯುನಿಸ್ಟ್ ನಾಯಕರು ಒಲ್ಲದ ಮನಸ್ಸಿಂದ ಸೇರಿಸಿದರು. ಕೂಲಿಕಾರರೆಲ್ಲ ಒಂದೇ ಅನ್ನೋರಿಗೆ ಆ ಒಂದು ಸಾಲು ಬರೆಯೋದು ಅಷ್ಟು ಭಾರ ಆಯ್ತು.

1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ದಲಿತ ರೈಲ್ವೆ ಕೂಲಿಗಳ ಮುಂದೆ ಇದನ್ನೇ ನೇರವಾಗಿ ಹೇಳಿದರು: ದುಡಿಯೋರಿಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ. ನಮ್ಮವನು ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗೇ ಮುಗೀತಿದ್ದ. ಹಾಗಂತ ಅವರು ಮುಷ್ಕರಕ್ಕೆ ಬೆನ್ನು ತೋರಿಸಲಿಲ್ಲ. ಅದೇ ವರ್ಷ ನವೆಂಬರ್ 7ರಂದು, ಮುಷ್ಕರದ ಹಕ್ಕಿಗೆ ಕತ್ತರಿ ಹಾಕೋ ಮಸೂದೆ ವಿರುದ್ಧ, ಕಮ್ಯುನಿಸ್ಟರ ಜೊತೆಗೇ ನಿಂತರು. ಯೂನಿಯನ್ನೇ ಬೇಡ ಅನ್ನೋದು ಮಾಲೀಕನ ಮಾತು. ಅದು ನಮ್ಮ ಬಾಯಲ್ಲಿ ಬರಬಾರದು.

ಲೀಡರುಗಳೆಲ್ಲ ಕಳ್ಳರು ಅನ್ನೋದೂ ಸೋಮಾರಿ ಮಾತು. ಎಷ್ಟೋ ಲೀಡರು ತನಗೆ ಓಟು ಹಾಕಿದವನಿಗೆ ನಿಯತ್ತಾಗೇ ಇರ್ತಾನೆ. ಆದರೆ ಓಟು ಹಾಕೋನು ಯಾರು? ಪರ್ಮನೆಂಟ್ ನೌಕರ. ಕಕ್ಕಸು ತೊಳೆಯೋನು, ಕ್ಯಾಂಟೀನಲ್ಲಿ ತಟ್ಟೆ ಬಳಿಯೋಳು ಗುತ್ತಿಗೆಯವರು, ಸದಸ್ಯರೇ ಅಲ್ಲ. ಬೋನಸ್ಸಿನ ಮಾತುಕತೆಯಲ್ಲಿ ಅವರ ಹೆಸರು ಬರೋಕೆ ದಾರಿ ಎಲ್ಲಿದೆ? ನಮ್ಮ ಜನ ಹೆಚ್ಚಾಗಿ ಇರೋದು ಅಲ್ಲೇ ಅಲ್ವಾ?

2016ರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏನು ಮಾಡಿದರು? ಪಿ.ಎಫ್.ನಲ್ಲಿ ಮಾಲೀಕನ ಪಾಲು 58 ವರ್ಷದವರೆಗೆ ಕೈಗೆ ಸಿಗೋದಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18, 19ರಂದು ಸಾವಿರಾರು ಜನ ರಸ್ತೆಗೆ ಬಂದರು. ಯಾವ ದೊಡ್ಡ ಲೀಡರೂ ಕರೆ ಕೊಟ್ಟಿರಲಿಲ್ಲ. ಲಾಠಿ ತಿಂದರು. 19ರಂದೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆಮೇಲೆ ಮೈಕ್ ಹಿಡಿಯೋಕೆ ಲೀಡರುಗಳಿಗೇನೂ ಬರ ಇರಲಿಲ್ಲ ಬುಡಿ.

ಚಂದಾ ಕಟ್ಟಿದ ಸದಸ್ಯ ಸಂಘದ ಲೆಕ್ಕದ ಪುಸ್ತಕ ನೋಡಬಹುದು ಅಂತ 1926ರ ಕಾಯ್ದೆಯಲ್ಲೇ ಬರೆದಿತ್ತು. ಕೇಳಿದವರು ಎಷ್ಟು ಜನ? ರಜೆಗೆ ಊರಿಗೆ ಹೋದಾಗ ಕೆಲಸಕ್ಕೆ ಹೋಗೋ ಅಕ್ಕನನ್ನೋ ಮಾವನನ್ನೋ ಕೇಳಿ: ಚಂದಾಕ್ಕೆ ರಸೀದಿ ಕೊಟ್ರಾ, ಕಮಿಟಿ ಚುನಾವಣೆ ಯಾವಾಗ ಆಯ್ತು, ಕಮಿಟಿಯಲ್ಲಿ ಗುಡಿಸೋರು ಒಬ್ಬರಾದರೂ ಇದಾರಾ? ಬರಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಓದೋಣ.

ಜೈ ಭೀಮ್.